ಬಸ್ಸಾರಿನ ಒಗ್ಗರಣೆ

ಮೊನ್ನೆ ಅಡುಗೆಮನೆಯ ಡ್ರಾಯರಿನಲ್ಲಿ ಕತ್ತರಿ ಹುಡುಕುತ್ತಿದ್ದೆ. ಸಿಗಲಿಲ್ಲ. ನಮ್ಮ ಮನೆಯಲ್ಲಿ ಬೇಕಾದಾಗ ಕತ್ತರಿ ಸಿಕ್ಕ ಇತಿಹಾಸವೇ ಇಲ್ಲ. ಸಿಕ್ಕಿದ್ದು ರಬ್ಬರ್ ಬ್ಯಾಂಡುಗಳು, ಖಾಲಿಯಾದ ಮಾತ್ರೆಯ ಪಟ್ಟಿಗಳು, ಅವುಗಳ ಕೆಳಗೆ ಎಣ್ಣೆಜಿಡ್ಡು ಹಿಡಿದ, ನಾಲ್ಕು ಮಡಿಕೆಯಾದ ಒಂದು ನೋಟ್‌ಬುಕ್ ಹಾಳೆ. ಬಿಡಿಸಿ ನೋಡಿದರೆ ಮೇಲರ್ಧ ಸೊಸೆ ಅನುಷಾಳ ಅಕ್ಷರ, ಕೆಳಗರ್ಧ ನನ್ನದು. ರಾಗಿ, ಕರಿಎಳ್ಳು, ನುಗ್ಗೆಸೊಪ್ಪು, ದಂಟಿನ ಸೊಪ್ಪು, ಮೊಳಕೆ ಹೆಸರುಕಾಳು, ಹುರುಳಿ, ಕಡಲೆಕಾಯಿ, ಅಗಸೆ ಬೀಜ, ಸೋಯಾ. ಯಾವುದರ ಜೊತೆ ನಿಂಬೆರಸ, ಯಾವುದಾದ ಮೇಲೆ ಎಷ್ಟು ಹೊತ್ತು ಬಿಟ್ಟು ಯಾವ ಮಾತ್ರೆ ಎಂದು ಬಾಣದ ಗುರುತುಗಳು. ಒಂದು ಮೂಲೆಯಲ್ಲಿ ‘ಕಾಫಿ’ ಎಂದು ಬರೆದು, ಅದರ ಮೇಲೆ ನಾನೇ ಹಾಳೆ ಹರಿಯುವಷ್ಟು ಜೋರಾಗಿ ಗೀಟು ಎಳೆದಿದ್ದೇನೆ.

ಕತ್ತರಿಯನ್ನು ಮರೆತು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಮುಂದೆ ಹೋಗುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ: ನಾನು ಗಾಬರಿ ಹೆಂಗಸು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದೆ. ಕೈಗೊಂದು ಮೊಬೈಲು ಇಲ್ಲದ ಆ ಕಾಲದಲ್ಲಿ ಹೊರಗಿನಿಂದ ಬರುತ್ತಿದ್ದ ಕರೆಗಳಲ್ಲಿ ಬಹಳಷ್ಟು, ಯಾರಿಗೋ ಏನೋ ಆಗಿದೆ ಎಂಬ ಕರೆಗಳೇ. “ಮೇಡಂ, ಲೇತ್ ಸೆಕ್ಷನ್ನಿನ ರಾಮಣ್ಣಂಗೆ ಸ್ವಲ್ಪ ಕನೆಕ್ಷನ್ ಕೊಡಿ, ಅವರ ತಾಯಿ...” ಎಂದು ಆ ಕಡೆಯ ದನಿ ನಿಲ್ಲುತ್ತಿತ್ತು. ರಾಮಣ್ಣನಿಗೆ ತಿಳಿಯುವ ಮೊದಲೇ ನನಗೆ ತಿಳಿದುಬಿಡುತ್ತಿತ್ತು. ಹೀಗೆ ಊರವರ ಕೆಟ್ಟ ಸುದ್ದಿಗಳೆಲ್ಲ ಮೊದಲು ನನ್ನ ಕಿವಿಯ ಮೂಲಕವೇ ಹಾಯ್ದು ಹೋದದ್ದರಿಂದಲೋ ಏನೋ, ಮಗ ಮಧು ಮನೆಗೆ ಬರುವುದು ಹತ್ತು ನಿಮಿಷ ತಡವಾದರೆ ಮೈಸೂರು ರಸ್ತೆಯ ಅಷ್ಟೂ ಲಾರಿಗಳು ನನ್ನ ಕಣ್ಣ ಮುಂದೆ ಸಾಲುಗಟ್ಟುತ್ತವೆ. “ಇವಳು ರಿಟೈರ್ ಆಗಿರೋದು ಕೆಲಸದಿಂದ, ಗಾಬರಿಯಿಂದ ಅಲ್ಲ” ಎಂದು ನಮ್ಮ ಮನೆಯವರು ಬಂದವರ ಮುಂದೆಲ್ಲ ಹೇಳಿ ನಗುತ್ತಾರೆ.

ಇಂಥವಳಿಗೆ ಹಾಲು ಮುಟ್ಟದ ಸೊಸೆ ಬಂದಳು.

ಮದುವೆಯಾಗಿ ಬಸವೇಶ್ವರನಗರದ ನಮ್ಮ ಮನೆಗೆ ಕಾಲಿಟ್ಟ ದಿನ, ಹುಡುಗ ಹುಡುಗಿಯನ್ನು ಕೂರಿಸಿ ಬೆಳ್ಳಿ ಲೋಟದಲ್ಲಿ ಹಾಲು, ಜೊತೆಗೆ ಬಾಳೆಹಣ್ಣು ಕೊಟ್ಟೆ. ಅನುಷಾ ಬಾಳೆಹಣ್ಣು ತೆಗೆದುಕೊಂಡಳು. ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, “ಅತ್ತೆ, ಬೇಜಾರು ಮಾಡ್ಕೋಬೇಡಿ, ನಾನು ಹಾಲು ತಗೊಳ್ಳಲ್ಲ. ವೀಗನ್” ಎಂದಳು.

ನನಗೆ ಕೇಳಿಸಿದ್ದು ‘ವೀಕು’ ಎಂದು.

“ವೀಕಾ? ಹಾಗಿದ್ರೆ ಇನ್ನೂ ಜಾಸ್ತಿ ಕುಡೀಬೇಕು ಕಣಮ್ಮ!” ಎಂದು ಲೋಟವನ್ನು ಮತ್ತೆ ಅವಳ ಮುಂದಿಟ್ಟೆ.

ಮನೆ ತುಂಬ ಜನ. ಮಧು ಕೆಮ್ಮಿದ. ಅವನಿಗೆ ಎಲ್ಲ ಗೊತ್ತಿತ್ತು. ನಮಗೆ ಹೇಳಲು ಧೈರ್ಯ ಸಾಲದೆ ಮದುವೆಯಾಗಲಿ ಎಂದು ಕಾದಿದ್ದ, ಅಷ್ಟೇ. ನಮ್ಮಲ್ಲಿ ಮಾಂಸ ಮೊಟ್ಟೆ ಮೊದಲಿನಿಂದಲೂ ಇಲ್ಲ. ಆದರೆ ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲವನ್ನೂ ಬಿಟ್ಟವರನ್ನು ನಾನು ಕಂಡೂ ಇರಲಿಲ್ಲ, ಕೇಳಿಯೂ ಇರಲಿಲ್ಲ. ಬಿಟ್ಟ ಮೇಲೆ ತಿನ್ನಲು ಉಳಿಯುವುದಾದರೂ ಏನು ಎಂಬುದು ಆ ದಿನವಿಡೀ ನನ್ನ ತಲೆಯಲ್ಲಿ ಕೊರೆಯಿತು.

ನನ್ನ ತವರು ಕೆಂಗೇರಿ. ಈಗ ಅಲ್ಲಿ ಮೆಟ್ರೊ ಓಡುತ್ತದೆ. ನಾನು ಲಂಗ ಹಾಕಿಕೊಂಡು ಓಡಾಡುವಾಗ ನಮ್ಮ ಹಿತ್ತಲಿನಲ್ಲಿ ಎರಡು ಹಸುಗಳಿದ್ದವು. ನಮ್ಮವ್ವ ಜನರನ್ನು ಅಳೆಯುತ್ತಿದ್ದದ್ದೇ ಮಜ್ಜಿಗೆಯಿಂದ. ಕೊಟ್ಟ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಇಳಿಸಿದವರು ಒಳ್ಳೆಯವರು. ಅರ್ಧ ಬಿಟ್ಟವರ ಮೇಲೆ ಸ್ವಲ್ಪ ಅನುಮಾನ. ಜ್ವರ ಬಂದರೆ ಹಾಲು, ಜ್ವರ ಬಿಟ್ಟರೆ ತುಪ್ಪ, ಪರೀಕ್ಷೆಗೆ ಹೊರಟರೆ ಮೊಸರು. ಈ ಶಾಸ್ತ್ರದಲ್ಲಿ ಬೆಳೆದ ನನಗೆ, ಹಾಲು ಒಲ್ಲೆ ಎಂದ ಹುಡುಗಿ ನನ್ನನ್ನೇ ಒಲ್ಲೆ ಎಂದ ಹಾಗೆ ಅನ್ನಿಸಿತು.

ಆದರೆ ಹುಡುಗಿ ಒಳ್ಳೆಯವಳು. ಯಾರಿಗೂ ಉಪದೇಶ ಮಾಡುವವಳಲ್ಲ. ನಾವು ಮೊಸರನ್ನ ಕಲಸಿಕೊಂಡರೆ ಮುಖ ಸಿಂಡರಿಸುತ್ತಿರಲಿಲ್ಲ. ಒಂದು ಭಾನುವಾರ ಸೊಪ್ಪು ಬಿಡಿಸುತ್ತಾ ಕುಳಿತಾಗ ನಾನೇ ಕೇಳಿದೆ, “ಅಲ್ಲ ಅನು, ಅಂಥದ್ದೇನಾಯ್ತು ಅಂತ ಬಿಟ್ಟೆ?”

“ನಾಗರಬಾವಿಯಲ್ಲಿ ಲಾ ಓದುವಾಗ ಒಂದು ರೂಮಲ್ಲಿದ್ದೆ ಅತ್ತೆ. ಕಿಟಕಿ ಪಕ್ಕದಲ್ಲೇ ಒಂದು ಕೊಟ್ಟಿಗೆ. ಅಲ್ಲಿ ಒಂದು ಹಸುವಿನ ಕರು ಸತ್ತುಹೋಯ್ತು. ಮೂರು ದಿನ ಕೂಗ್ತು ಆ ಹಸು. ಎಕ್ಸಾಮ್ ಟೈಮು, ಕಿವಿಗೆ ಹತ್ತಿ ಇಟ್ಕೊಂಡು ಓದ್ದೆ. ನಾಲ್ಕನೇ ದಿನ ಬೆಳಿಗ್ಗೆ ಹಾಲು ಕಾಯಿಸೋಕೆ ಪಾತ್ರೆಗೆ ಸುರಿದೆ ನೋಡಿ, ಕುಡಿಯೋಕೆ ಆಗ್ಲಿಲ್ಲ. ಅಷ್ಟೇ. ದೊಡ್ಡ ಸಿದ್ಧಾಂತ ಏನಿಲ್ಲ.”

“ಹಸುಗಳು ಕೂಗ್ತವೆ ಬಿಡು” ಎಂದುಬಿಟ್ಟೆ. ಅವಳು ದಂಟು ಮುರಿಯುತ್ತಾ ಕುಳಿತಳು.

ನಿಧಾನವಾಗಿ ನಾನೂ ಕಲಿತೆ. ಕಡಲೆಕಾಯಿ ಬೀಜ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ಹಾಲು ಬರುತ್ತದೆ. ಅದನ್ನು ಕಾಯಿಸಿ, ಆರಿಸಿ, ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿಟ್ಟರೆ ಮೊಸರಾಗುತ್ತದೆ. ನಿಜವಾಗಿಯೂ ಆಗುತ್ತದೆ! ಮೊದಲ ಸಲ ಹೆಪ್ಪಾದಾಗ ನಾನು ಪಾತ್ರೆಯನ್ನು ಎತ್ತಿಕೊಂಡು ಪಕ್ಕದ ಮನೆಯ ಸರೋಜಮ್ಮನಿಗೆ ತೋರಿಸಲು ಓಡಿದ್ದೆ. ಎರಡನೇ ಸಲ ಉತ್ಸಾಹದಲ್ಲಿ ತೊಟ್ಟಿನ ಬದಲು ಇಡೀ ಮೆಣಸಿನಕಾಯಿಗಳನ್ನೇ ಮುರಿದು ಹಾಕಿದೆ. ಅದನ್ನು ಉಂಡ ನಮ್ಮ ಮನೆಯವರು ಕಣ್ಣೀರು ಒರೆಸಿಕೊಳ್ಳುತ್ತಾ, “ಹಸುಗೆ ಹಿಂಸೆ ಆಗ್ಬಾರ್ದು ಸರಿ. ಗಂಡಂಗೂ ಆಗ್ಬಾರ್ದು ಕಣೇ” ಎಂದರು.

ಹೀಗೆ ನಗುತ್ತಾ ಇದ್ದ ಮನೆಯಲ್ಲಿ ಅನುಷಾ ಬಸುರಿಯಾದಳು. ನನ್ನ ನಗು ಅಲ್ಲಿಗೆ ನಿಂತಿತು.

ಸುದ್ದಿ ಕೇಳಿದವರೆಲ್ಲ ಮೊದಲು ಸಂತೋಷಪಟ್ಟು, ಆಮೇಲೆ ಸಣ್ಣ ದನಿಯಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದರು: “ಈಗಲಾದ್ರೂ ಹಾಲು ಕುಡೀತಾಳಾ?” ಸರೋಜಮ್ಮನಂತೂ ಕಾಂಪೌಂಡಿನ ಆ ಕಡೆಯಿಂದಲೇ, “ಮಗು ಮೂಳೆಗೆ ಏನ್ರೀ ಗತಿ? ನಾಳೆ ಏನಾದ್ರೂ ಆದ್ರೆ ಅತ್ತೆ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತಾರೆ, ನೋಡ್ಕೊಳ್ಳಿ” ಎಂದರು. ಅವರು ಬಟ್ಟೆ ಒಣಹಾಕಿ ಒಳಗೆ ಹೋದರು. ಆ ಮಾತು ಮಾತ್ರ ನನ್ನ ಜೊತೆ ಒಳಗೆ ಬಂತು.

ನಾನು ತಿನ್ನಿಸಲು ಶುರು ಮಾಡಿದೆ. ಬೆಳಿಗ್ಗೆ ರಾಗಿರೊಟ್ಟಿ, ಕೆಲಸಕ್ಕೆ ಒಯ್ಯುವ ಡಬ್ಬಿಯಲ್ಲಿ ಹನ್ನೊಂದಕ್ಕೆ ಎಳ್ಳುಂಡೆ, ಮಧ್ಯಾಹ್ನಕ್ಕೆ ಸೊಪ್ಪು ಕಾಳು, ಸಂಜೆ ಬೇಯಿಸಿದ ಕಡಲೆಕಾಯಿ. ಊಟ ಮುಗಿದ ಕೂಡಲೇ ಬೆಲ್ಲ ಹಾಕಿದ ಬಿಸಿ ಬಿಸಿ ಕರೀಕಾಫಿ. ಹಾಲಿಲ್ಲದ ಕಾಫಿಯನ್ನು ರುಚಿಯಾಗಿ ಮಾಡುವುದನ್ನು ನಾನು ಅವಳಿಗಾಗಿಯೇ ಕಲಿತಿದ್ದೆ. “ಅತ್ತೆ ಕೈ ಕಾಫಿ ಇದ್ರೆನೇ ಊಟ ಮುಗಿಯೋದು” ಎಂದು ಅವಳು ಹೇಳಿದರೆ ನಾನು ಉಬ್ಬಿಹೋಗುತ್ತಿದ್ದೆ.

ಐದನೇ ತಿಂಗಳಲ್ಲಿ ರಕ್ತ ಪರೀಕ್ಷೆಯಾಯಿತು. ಹಿಮೋಗ್ಲೋಬಿನ್ ಒಂಬತ್ತಕ್ಕೆ ಇಳಿದಿತ್ತು.

ಮಧು ಫೋನಿನಲ್ಲಿ ವರದಿ ಓದಿ ಹೇಳಿದಾಗ ನಾನು ಒಲೆಯ ಮುಂದೆ ನಿಂತಿದ್ದೆ. ಒಲೆ ಆರಿಸಿಬಿಟ್ಟೆ. ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರೆ, ಗಾಬರಿಯಾಗುವಂಥದ್ದಲ್ಲ ಎಂದು ಅವನು ಹೇಳುತ್ತಲೇ ಇದ್ದ. ಗಾಬರಿಯಾಗಬೇಡಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದಲೇ ನನ್ನ ಗಾಬರಿ ಶುರುವಾಗುವುದು. ಮರುದಿನದಿಂದ ಅನುಷಾಳ ಕಣ್ಣಿನ ಕೆಳಗಿನ ಕಪ್ಪು, ಮೆಟ್ಟಿಲು ಹತ್ತಿದರೆ ಅವಳು ಬಿಡುವ ಏದುಸಿರು, ಉಗುರಿನ ಬಿಳುಪು, ಇವೇ ನನ್ನ ಕಣ್ಣಿಗೆ ಬೀಳತೊಡಗಿದವು. “ಒಂದೇ ಒಂದು ಲೋಟ ಹಾಲು ಕುಡಿಯೇ, ಔಷಧಿ ಅಂದ್ಕೊಂಡು” ಎಂದು ಎರಡು ಸಲ ಕೇಳಿದೆ. ಎರಡು ಸಲವೂ ಅವಳು ಸಮಾಧಾನವಾಗಿಯೇ “ಬೇಡ ಅತ್ತೆ, ಪ್ಲೀಸ್” ಎಂದಳು.

ಮೂರನೇ ಸಲ ನಾನು ಕೇಳಲಿಲ್ಲ.

ಡಿಸೆಂಬರ್ ತಿಂಗಳು. ದಂಟಿನ ಸೊಪ್ಪು, ಅವರೆಕಾಳು ಹಾಕಿ ಬಸ್ಸಾರು ಮಾಡಿದ್ದೆ. ಸೊಪ್ಪು ಕಾಳು ಬೇಯಿಸಿ ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಕುದಿಸುವ ಸಾರು. ಕೊನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಬೀಳಬೇಕು. ಒಗ್ಗರಣೆ ಸೌಟು ಒಲೆಯ ಮೇಲಿತ್ತು. ಎಣ್ಣೆಯ ಬಾಟಲಿಗೆ ಹೋಗಬೇಕಾಗಿದ್ದ ಕೈ ತುಪ್ಪದ ಡಬ್ಬಿಗೆ ಹೋಯಿತು. ಹೇಗೋ ಹೋಯಿತು ಎಂದರೆ ಸುಳ್ಳಾಗುತ್ತದೆ. ಬಾಗಿಲ ಕಡೆ ಒಮ್ಮೆ ನೋಡಿಯೇ ಡಬ್ಬಿ ತೆಗೆದೆ. ಎರಡು ಚಮಚ ತುಪ್ಪ, ಜಜ್ಜಿದ ಬೆಳ್ಳುಳ್ಳಿ, ಇಂಗು, ಕರಿಬೇವು. ಬೆಳ್ಳುಳ್ಳಿ ಇಂಗಿನ ಘಾಟಿಗೆ ತುಪ್ಪದ ವಾಸನೆ ಮುಚ್ಚಿಹೋಯಿತು. ಅವಳು ಎರಡನೇ ಸಲ ಹಾಕಿಸಿಕೊಂಡು ಉಂಡಳು. “ಇವತ್ತು ಸಾರು ಸೂಪರ್ ಅತ್ತೆ” ಎಂದಳು.

ನನಗೆ ಆಗ ಆದ ಸಮಾಧಾನವನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ಮಗುವಿಗೆ ಏನೋ ಸೇರಿತು ಎಂದು ದೇವರ ಮುಂದೆ ಕೈ ಮುಗಿದೆ ಕೂಡ. ಆಮೇಲೆ ದಿನವೂ ಹಾಕಿದೆ. ಸಾರಿಗೆ, ಪಲ್ಯಕ್ಕೆ, ಉಪ್ಪಿಟ್ಟಿಗೆ. ಅವಳು ಕೆಲಸಕ್ಕೆ ಒಯ್ಯುವ ಡಬ್ಬಿಗೂ.

ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ ಸಂಜೆ ಆರು ಗಂಟೆಗೆ ಬಂದಳು. ವಿಜಯನಗರದಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ಜೂನಿಯರ್ ಆಗಿ ಕೆಲಸ ಮಾಡುತ್ತಿದ್ದಳು. ಬ್ಯಾಗು ಕೆಳಗಿಟ್ಟು, ಡಬ್ಬಿಯನ್ನು ಊಟದ ಟೇಬಲ್ಲಿನ ಮೇಲಿಟ್ಟು ಮುಚ್ಚಳ ತೆಗೆದಳು. ಒಂದು ತುತ್ತೂ ತಿಂದಿರಲಿಲ್ಲ. ಕಚೇರಿಯ ಏಸಿಗೋ ಚಳಿಗೋ ಸಾರಿನ ಮೇಲೆ ಬಿಳಿ ಪದರ ಗಟ್ಟಿಯಾಗಿ ಕಟ್ಟಿತ್ತು.

“ಅತ್ತೆ, ಇದೇನು?”

“ಎಣ್ಣೆ ಇರಬೇಕು.”

“ಕಡಲೆಕಾಯಿ ಎಣ್ಣೆ ಹೀಗೆ ಗಟ್ಟಿ ಆಗಲ್ಲ.”

“ಕೊಬ್ಬರಿ ಎಣ್ಣೆ ಹಾಕಿದ್ನೇನೋ.”

“ನಮ್ಮನೇಲಿ ಕೊಬ್ಬರಿ ಎಣ್ಣೆ ಇರೋದು ತಲೆಗೆ ಹಚ್ಚೋಕೆ, ಅತ್ತೆ.”

ಇನ್ನು ಸುಳ್ಳು ಹೇಳಲು ನನ್ನ ಬಳಿ ಯಾವ ಎಣ್ಣೆಯೂ ಉಳಿದಿರಲಿಲ್ಲ. “ಮಗುಗೋಸ್ಕರ ಕಣಮ್ಮ...” ಎಂದೆ.

“ಎಷ್ಟು ದಿನದಿಂದ?”

ಹೇಳಿದೆ. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ; ಕೂಗಾಡಿದ್ದರೆ ಒಳ್ಳೆಯದಿತ್ತು. ಕುರ್ಚಿಯ ಬೆನ್ನು ಹಿಡಿದು ನಿಂತಳು. ಕಣ್ಣು ತುಂಬಿಕೊಂಡಿತು. “ಈ ಮನೇಲಿ ನಾನು ತಟ್ಟೇಲಿ ಏನಿದೆ ಅಂತ ನೋಡ್ದೇನೇ ಊಟ ಮಾಡ್ತಿದ್ದೆ ಅತ್ತೆ. ಫ್ರೆಂಡ್ಸ್ ಕೇಳೋರು, ಅತ್ತೆ ಏನಾದ್ರೂ ಹಾಕಿಬಿಟ್ರೆ ಅಂತ. ನಮ್ಮತ್ತೆ ಅಂಥೋರಲ್ಲ ಅಂತಿದ್ದೆ. ಇನ್ಮೇಲೆ ಹೇಗೆ ತಿನ್ಲಿ ಹೇಳಿ?”

ಮರುದಿನ ಬೆಳಿಗ್ಗೆ ಲಗ್ಗೆರೆಯ ತಾಯಿಯ ಮನೆಗೆ ಹೋದಳು. ಮಧು ಅವಳ ಚೀಲ ಎತ್ತಿಕೊಂಡು, ಬಾಗಿಲಲ್ಲಿ ನನ್ನ ಕಡೆ ತಿರುಗಿ, “ಅಮ್ಮ, ಅವಳು ಈ ಮನೇಲಿ ಕೇಳಿದ್ದು ಒಂದೇ ಒಂದು” ಎಂದ. ಅವನೂ ಹೊರಟ.

ಮನೆಯಲ್ಲಿ ನಾವಿಬ್ಬರೇ ಉಳಿದೆವು. ನಮ್ಮ ಮನೆಯವರು ಬಯ್ಯಲಿಲ್ಲ, ಹಾಸ್ಯವನ್ನೂ ಮಾಡಲಿಲ್ಲ. ಹಾಸ್ಯ ನಿಂತದ್ದೇ ನನಗೆ ದೊಡ್ಡ ಶಿಕ್ಷೆಯಾಯಿತು. ಲಗ್ಗೆರೆಯೇನು ದೂರವಲ್ಲ, ಆಟೋದಲ್ಲಿ ಅರ್ಧ ಗಂಟೆ. ಆದರೂ ಹೋಗಲು ಮುಖವಿರಲಿಲ್ಲ. ಫೋನು ಎತ್ತಿ ಅನುಷಾಳ ಹೆಸರಿನವರೆಗೆ ಹೋಗುವುದು, ಮತ್ತೆ ಕೆಳಗಿಡುವುದು. ಇಡೀ ಕಾರ್ಖಾನೆಗೆ ಕನೆಕ್ಷನ್ ಕೊಟ್ಟ ಕೈಗೆ ಒಂದು ಕರೆ ಮಾಡಲಾಗಲಿಲ್ಲ. ಅವಳು ಅಲ್ಲಿ ಏನು ತಿನ್ನುತ್ತಿದ್ದಾಳೋ, ತಲೆಸುತ್ತು ಬಂತೋ, ಮಗು ಆಡುತ್ತಿದೆಯೋ ಇಲ್ಲವೋ ಎಂದು ಒಂದೊಂದು ಗಂಟೆಯೂ ಅದೇ ಯೋಚನೆ.

ಆ ದಿನಗಳಲ್ಲೇ, ಮಧ್ಯಾಹ್ನ ಬಟ್ಟೆ ಮಡಚುತ್ತಾ ಕುಳಿತಾಗ, ನಲವತ್ತು ವರ್ಷಗಳಿಂದ ನಾನು ನೆನೆಯದಿದ್ದ ಒಂದು ಸಂಗತಿ ನೆನಪಿಗೆ ಬಂತು. ಅನುಷಾ ಹೇಳಿದ ಹಸುವೇ ಅದನ್ನು ಎಬ್ಬಿಸಿರಬೇಕು.

ಕೆಂಗೇರಿಯಲ್ಲಿ ನಮ್ಮ ಹಸುವೊಂದರ ಕರು ಹುಟ್ಟಿದ ವಾರಕ್ಕೇ ಸತ್ತಿತ್ತು. ಕರು ಕಾಣದೆ ಹಸು ಸೊರ ಬಿಡುತ್ತಿರಲಿಲ್ಲ, ಹಾಲಿಳಿಸುತ್ತಿರಲಿಲ್ಲ. ಅಪ್ಪ ಯಾರಿಂದಲೋ ಸತ್ತ ಕರುವಿನ ಚರ್ಮ ಸುಲಿಸಿ, ಒಳಗೆ ಒಣಹುಲ್ಲು ತುಂಬಿಸಿ ಹೊಲಿಸಿದರು. ಅದಕ್ಕೆ ಕಣ್ಣಿರಲಿಲ್ಲ, ನಾಲ್ಕು ಕಡ್ಡಿಯ ಕಾಲು. ಅಪ್ಪ ಹಾಲು ಕರೆಯುವಾಗ ಅದನ್ನು ಹಸುವಿನ ಮುಂದೆ ಹಿಡಿದು ನಿಲ್ಲುವುದು ನನ್ನ ಕೆಲಸ. ಆಗ ನನಗೆ ಎಂಟೋ ಒಂಬತ್ತೋ ವರ್ಷ. ಹಸು ಆ ಹುಲ್ಲಿನ ಕರುವನ್ನು ಕಿವಿಯಿಂದ ಬಾಲದವರೆಗೆ ನೆಕ್ಕುತ್ತಿತ್ತು. ಹಾಲು ತಾನಾಗಿ ಇಳಿಯುತ್ತಿತ್ತು. ಆ ಹಾಲನ್ನೇ ನಾನು ಕುಡಿದು ಶಾಲೆಗೆ ಹೋಗುತ್ತಿದ್ದೆ. ನನಗೆ ಆಗ ಏನೂ ಅನ್ನಿಸಿರಲಿಲ್ಲ.

ಅನ್ನಿಸಿದ್ದು ಹದಿನೈದು ವರ್ಷಗಳ ನಂತರ. ಮಧುವಿಗಿಂತ ಮೊದಲು ನನಗೊಂದು ಹೆಣ್ಣುಮಗುವಾಗಿತ್ತು. ಎಂಟನೇ ತಿಂಗಳಲ್ಲಿ, ತವರಿನಲ್ಲಿ. ಅದು ಅಳಲೇ ಇಲ್ಲ. ಬಸುರಿಯಾಗಿದ್ದಾಗ ನಮ್ಮವ್ವ ನನಗೆ ಕೇಸರಿ ಹಾಕಿದ ಹಾಲು, ತುಪ್ಪ, ಬೆಣ್ಣೆ ಯಾವುದಕ್ಕೂ ಕೊರತೆ ಮಾಡಿರಲಿಲ್ಲ. ಆದರೂ ನೋಡಲು ಬಂದವರು ಹೇಳಿದ್ದು ಒಂದೇ ಮಾತು: “ಹುಡುಗಿ ಸರಿಯಾಗಿ ತಿಂದಿಲ್ಲ.” ಮೂರನೇ ದಿನ ಎದೆಯಲ್ಲಿ ಹಾಲು ತುಂಬಿತು. ಕುಡಿಯುವವರಿಲ್ಲ. ಹಾಲು ಬತ್ತಲೆಂದು ಅವ್ವ ಮಲ್ಲಿಗೆ ಹೂವನ್ನು ಎದೆಗಿಟ್ಟು ಬಿಗಿಯಾಗಿ ಬಟ್ಟೆ ಕಟ್ಟಿದಳು. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿ, ಆ ಹೂವಿನ ವಾಸನೆಯಲ್ಲಿ, ನನಗೆ ಹುಲ್ಲಿನ ಕರುವನ್ನು ನೆಕ್ಕುತ್ತಿದ್ದ ಹಸು ಕಣ್ಣಿಗೆ ಕಟ್ಟಿತು. ಆಮೇಲೆ ಎಷ್ಟೋ ವರ್ಷ ನಾನು ಮಲ್ಲಿಗೆ ಮುಡಿಯಲಿಲ್ಲ. ಈ ಮಗುವಿನ ವಿಷಯ ಮಧುವಿಗೂ ಹೇಳಿರಲಿಲ್ಲ.

ಅನುಷಾಳ ಮುಂದಿನ ತಪಾಸಣೆಯ ದಿನ ನನಗೆ ಗೊತ್ತಿತ್ತು. ಯಾರೂ ಕರೆದಿರಲಿಲ್ಲ. ಆದರೂ ಸೀರೆ ಉಟ್ಟು ವಿಜಯನಗರದ ನರ್ಸಿಂಗ್ ಹೋಮಿಗೆ ಹೋಗಿ, ಗೋಡೆಗೆ ಒರಗಿ ನಿಂತೆ. ಹತ್ತಕ್ಕೆ ಅನುಷಾ ತನ್ನ ತಾಯಿ ರತ್ನಮ್ಮನ ಜೊತೆ ಬಂದಳು. ರತ್ನಮ್ಮ ಗಾರ್ಮೆಂಟ್ಸ್‌ನಲ್ಲಿ ದುಡಿದು ಮಗಳನ್ನು ಓದಿಸಿದ ಹೆಂಗಸು; ಅಂದು ರಜೆ ಹಾಕಿದ್ದರು. ನನ್ನನ್ನು ನೋಡಿ ಇಬ್ಬರೂ ಒಂದು ಕ್ಷಣ ನಿಂತರು. ಅನುಷಾ ಹೋಗಿ ಬೆಂಚಿನ ಆ ತುದಿಯಲ್ಲಿ ಕುಳಿತಳು. ರತ್ನಮ್ಮ ಸ್ವಲ್ಪ ಸರಿದು ಜಾಗ ಮಾಡಿ, “ಬನ್ನಿ ಅಕ್ಕ, ಕೂತ್ಕೊಳ್ಳಿ. ಎಷ್ಟು ಹೊತ್ತು ಅಂತ ನಿಂತಿರ್ತೀರಾ” ಎಂದರು. ನಾನು ತಪ್ಪು ಮಾಡಿದ್ದು ಅವರ ಮಗಳಿಗೆ. ಅವರು ಜಾಗ ಕೊಟ್ಟದ್ದು ನನಗೆ. ಕೂತೆ.

ಒಳಗಿನಿಂದ ಕರೆ ಬಂದಾಗ ಅನುಷಾ ಎದ್ದಳು. ಎರಡು ಹೆಜ್ಜೆ ಹೋಗಿ, ತಿರುಗದೆಯೇ, “ಅತ್ತೆನೂ ಬರ್ಲಿ ಅಮ್ಮ” ಎಂದಳು.

ವಯಸ್ಸಾದ ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ನಮ್ಮ ಮೂವರನ್ನೂ ನೋಡಿದರು. “ಎದ್ದಾಗಿಂದ ಮಲಗೋ ತನಕ ಏನೇನು ತಿಂತೀಯಮ್ಮ, ಒಂದೊಂದಾಗಿ ಹೇಳು.”

ಅನುಷಾ ಹೇಳಿದಳು. ರಾಗಿ, ಎಳ್ಳು, ಸೊಪ್ಪು, ಕಾಳು. ಡಾಕ್ಟರು ತಲೆಯಾಡಿಸುತ್ತಾ ಹೋದರು. “ಊಟ ಆದ್ಮೇಲೆ ಅತ್ತೆ ಕರೀಕಾಫಿ ಕೊಡೋರು” ಎಂದಾಗ ಪೆನ್ನು ಕೆಳಗಿಟ್ಟರು.

“ತಕ್ಷಣಾನಾ?”

“ತಕ್ಷಣ. ಬೆಳಿಗ್ಗೆ, ರಾತ್ರಿ, ಎರಡು ಹೊತ್ತೂ.”

“ಅಲ್ಲಮ್ಮ, ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತೋಕೆ ಆ ಕಾಫಿ ಸರಿಯಾಗಿ ಬಿಡಲ್ಲ. ಸೊಪ್ಪಿನ ಜೊತೆ ನಿಂಬೆಹಣ್ಣು ಹಿಂಡ್ಕೋಬೇಕು, ನೆಲ್ಲಿಕಾಯಿ ತಿನ್ನಬೇಕು. ಕಾಫಿ ಬೇಕಿದ್ರೆ ಒಂದೆರಡು ಗಂಟೆ ಬಿಟ್ಟು, ಅದೂ ಸ್ವಲ್ಪ.”

ನಾನು ಪ್ರೀತಿಯಿಂದ ಕೊಟ್ಟ ಒಂದೊಂದು ಲೋಟವೂ ಕಣ್ಣ ಮುಂದೆ ಬಂತು. ತಡೆಯಲಾಗಲಿಲ್ಲ. “ಡಾಕ್ಟ್ರೇ, ನಾನು ಅವಳಿಗೆ ಗೊತ್ತಿಲ್ಲದ ಹಾಗೆ ತುಪ್ಪನೂ ಹಾಕಿದ್ದೆ. ರಕ್ತ ಆಗ್ಲಿ ಅಂತ” ಎಂದುಬಿಟ್ಟೆ.

“ತುಪ್ಪದಲ್ಲಿ ಕಬ್ಬಿಣ ಎಲ್ಲಿಂದ ಬರುತ್ತಮ್ಮ? ಹಾಲಲ್ಲೂ ಇಲ್ಲ ಅನ್ನೋ ಅಷ್ಟು ಕಮ್ಮಿ” ಎಂದರು ಅವರು. ಬಯ್ಯುವ ದನಿಯೇನಲ್ಲ. ಆದರೆ ಅಷ್ಟು ದಿನ ಮಾಡಿದ ಪಾಪಕ್ಕೆ ಒಂದು ಚಮಚದಷ್ಟು ಪ್ರಯೋಜನವೂ ಇರಲಿಲ್ಲ ಎಂದು ತಿಳಿದಾಗ ಎಲ್ಲಿ ನೋಡಬೇಕೋ ಗೊತ್ತಾಗಲಿಲ್ಲ.

ಡಾಕ್ಟರು ಅನುಷಾಳ ಕಡೆ ತಿರುಗಿದರು. “ನಾನು ಬರೆದ ಐರನ್ ಮಾತ್ರೆ? ಬಿ ಟ್ವೆಲ್ವ್?”

ರತ್ನಮ್ಮ ಮಗಳ ಮುಖ ನೋಡಿದರು.

“ಮೂರು ವಾರದಿಂದ ತಗೊಂಡಿಲ್ಲ. ತಿಂದ್ರೆ ವಾಂತಿ ಬರುತ್ತೆ. ಹೇಳಿದ್ರೆ... ಹಾಲು ಬಿಟ್ಟಿದ್ದಕ್ಕೇ ಹೀಗೆ ಅಂತ ಎಲ್ಲರೂ ಶುರು ಮಾಡ್ತಾರೆ ಅಂತ ಹೇಳ್ಲಿಲ್ಲ.”

“ನಿನ್ನ ಊಟ ಚೆನ್ನಾಗೇ ಇದೆ. ಬೇರೆ ಎಲ್ಲಾನೂ ಗಿಡದಿಂದ ಹೊಂದಿಸ್ಕೋಬಹುದು. ಬಿ ಟ್ವೆಲ್ವ್ ಮಾತ್ರ ಸೊಪ್ಪು ಕಾಳಲ್ಲಿ ಸಿಗಲ್ಲ. ಅದನ್ನ ಮಾತ್ರೆಯಾಗೇ ತಗೋಬೇಕು, ಇದರಲ್ಲಿ ಹಟ ನಡೆಯಲ್ಲ. ಐರನ್ ಬೇರೆ ಥರದ್ದು ಬರೀತೀನಿ, ವಾಂತಿ ಕಮ್ಮಿ ಆಗುತ್ತೆ. ಕ್ಯಾಲ್ಸಿಯಂ ಮಾತ್ರೆನ ಅದರ ಜೊತೆ ನುಂಗಬೇಡ, ಬೇರೆ ಹೊತ್ತಲ್ಲಿ ತಗೋ. ಬರ್ಕೊಳ್ಳಿ ಯಾರಾದ್ರೂ.”

ಅನುಷಾ ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದು ಒಂದು ಹಾಳೆ ಹರಿದಳು. ಅರ್ಧ ಬರೆಯುವಷ್ಟರಲ್ಲಿ ನರ್ಸು ತೂಕ ನೋಡಲು ಕರೆದರು. ಹಾಳೆಯನ್ನೂ ಪೆನ್ನನ್ನೂ ನನ್ನ ಕೈಗೆ ಕೊಟ್ಟು ಎದ್ದಳು. ಉಳಿದರ್ಧ ನಾನು ಬರೆದೆ. ಕಾಫಿಯ ಮೇಲೆ ಗೀಟು ಎಳೆದದ್ದೂ ಅಲ್ಲಿಯೇ.

ಹೊರಗೆ ಬಂದಾಗ ರತ್ನಮ್ಮ ಮಾತ್ರೆ ತರಲು ಮೆಡಿಕಲ್ ಶಾಪಿಗೆ ಹೋದರು. ನಾವಿಬ್ಬರೂ ಗೇಟಿನ ಪಕ್ಕದ ಹೊಂಗೆಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತೆವು. ಬಸ್ಸುಗಳ ಸದ್ದು. ನಾನು ರಸ್ತೆಯನ್ನೇ ನೋಡುತ್ತಾ, “ಅನು, ಮಧುಗಿಂತ ಮುಂಚೆ ನಂಗೊಂದು ಹೆಣ್ಣುಮಗು ಆಗಿತ್ತು” ಎಂದೆ. ಎಲ್ಲವನ್ನೂ ಹೇಳಿದೆ. ಮಲ್ಲಿಗೆ ಹೂವನ್ನೂ, ಹುಲ್ಲಿನ ಕರುವನ್ನೂ. “ಹಸುಗಳು ಕೂಗ್ತವೆ ಬಿಡು ಅಂದಿದ್ನಲ್ಲ, ತಪ್ಪಾಯ್ತು ಕಣಮ್ಮ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ. ಸಾರಿಗೆ ಹಾಕಿದ್ದೂ ತಪ್ಪಾಯ್ತು.”

ಅವಳು ನನ್ನ ಕಡೆ ತಿರುಗಿ, “ಹೆಸರು ಇಟ್ಟಿದ್ರಾ ಅತ್ತೆ?” ಎಂದಳು.

ನಲವತ್ತು ವರ್ಷಗಳಲ್ಲಿ ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. “ಇಲ್ಲ” ಎಂದೆ. “ಮನಸ್ಸಲ್ಲಿ ಒಂದಿತ್ತು. ಹೇಳೋಕೆ ಯಾರೂ ಬಿಡ್ಲಿಲ್ಲ.”

“ನಂಗೆ ಮುಂಚೆನೇ ಯಾಕೆ ಹೇಳ್ಲಿಲ್ಲ?”

“ಬಸುರಿ ಹುಡುಗಿ ಹತ್ರ ಆಡೋ ಮಾತಾ ಅದು?”

“ಹೇಳಿದ್ದಿದ್ರೆ ನಾನು ಮಾತ್ರೆ ಬಿಡ್ತಿರ್ಲಿಲ್ಲ ಅತ್ತೆ.” ಇಷ್ಟು ಹೇಳಿ ನನ್ನ ಕೈ ಹಿಡಿದುಕೊಂಡಳು. ಆದರೆ ಅಂದೇ ನನ್ನ ಜೊತೆ ಬರಲಿಲ್ಲ. “ಸಂಕ್ರಾಂತಿ ಆಗ್ಲಿ, ಬರ್ತೀನಿ” ಎಂದಳು.

ಸಂಕ್ರಾಂತಿ ಕಳೆದು ಮಧುವಿನ ಜೊತೆ ಬಂದಳು. 

ಎಲ್ಲವೂ ಮೊದಲಿನಂತಾಯಿತು ಎಂದು ನೀವು ಅಂದುಕೊಳ್ಳಬಹುದು. ಹಾಗೆ ಆಗುವುದಿಲ್ಲ. ನಾನು ಒಗ್ಗರಣೆ ಹಾಕುವಾಗಲೆಲ್ಲ, “ಅನು, ಬಾಮ್ಮ, ನೋಡು, ಎಣ್ಣೆ ಇದು” ಎಂದು ಕರೆಯುತ್ತಿದ್ದೆ. ‘ಬೇಡ ಬಿಡಿ ಅತ್ತೆ, ನನಗೆ ನಂಬಿಕೆ ಇದೆ’ ಎನ್ನುತ್ತಾಳೆ ಎಂದು ಒಳಗೊಳಗೇ ಕಾಯುತ್ತಿದ್ದೆ. ಅವಳು ಹಾಗೆ ಹೇಳಲಿಲ್ಲ. ಪ್ರತಿ ಸಲವೂ ಎದ್ದು ಬಂದು, ಸೌಟಿನೊಳಗೆ ನೋಡಿ, “ಹ್ಞೂಂ ಅತ್ತೆ” ಎಂದು ಹೋಗುತ್ತಿದ್ದಳು. ಚುಚ್ಚುತ್ತಿತ್ತು. ಚುಚ್ಚಲಿ, ನೋಡುವುದು ಅವಳ ಹಕ್ಕು ಎಂದು ನನಗೆ ನಾನೇ ಹೇಳಿಕೊಂಡೆ. ತುಪ್ಪದ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಏರಿಸಿದೆ. ನಮ್ಮ ಮನೆಯವರು ದೋಸೆಗೆ ತುಪ್ಪ ಬೇಕೆಂದರೆ ತಾವೇ ಸ್ಟೂಲು ಹತ್ತಬೇಕಾಯಿತು. “ಈ ವಯಸ್ಸಲ್ಲಿ ಬಿದ್ರೆ ನಂಗೂ ಬೇಕಾಗುತ್ತೆ ಕ್ಯಾಲ್ಸಿಯಂ” ಎಂದು ಅವರು ಗೊಣಗಿದಾಗ, ಹಾಸ್ಯ ಮನೆಗೆ ವಾಪಸು ಬಂದದ್ದಕ್ಕೆ ನನಗೆ ಅಳು ಬಂತು.

ನುಗ್ಗೆಸೊಪ್ಪಿನ ಪಲ್ಯಕ್ಕೆ ನಿಂಬೆ, ಹೆಸರುಕಾಳಿನ ಉಸಲಿಗೆ ನೆಲ್ಲಿಕಾಯಿ, ಹೊತ್ತಿಗೆ ಸರಿಯಾಗಿ ಮಾತ್ರೆ. ಹಿಮೋಗ್ಲೋಬಿನ್ ಹತ್ತಾಯಿತು. ಮುಂದಿನ ಸಲ ಹತ್ತೂವರೆ. ಒಂದೊಂದು ವರದಿ ಬರುವವರೆಗೂ ನಾನು ಫೋನಿನ ಪಕ್ಕದಿಂದ ಏಳುತ್ತಿರಲಿಲ್ಲ. ಎಂಟನೇ ತಿಂಗಳು ಶುರುವಾದ ಮೇಲಂತೂ ನಾನು ಅವಳ ಉಸಿರನ್ನೇ ಎಣಿಸುತ್ತಿದ್ದೆ. ಅವಳಿಗೆ ಅದು ಅರ್ಥವಾಗಿತ್ತು. ಬಂದು ಪಕ್ಕದಲ್ಲಿ ಕೂತು, ನನ್ನ ಅಂಗೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಳ್ಳುತ್ತಿದ್ದಳು. “ಒದೀತಾ ಇದೆ ನೋಡಿ ಅತ್ತೆ. ಈಗ ಹೋಗಿ ನಿಮ್ಮ ಕೆಲಸ ನೋಡ್ಕೊಳ್ಳಿ.”

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಹೆರಿಗೆಯಾಯಿತು. ಹೆಣ್ಣುಮಗು. ಹೊರಗೆ ಕೂತಿದ್ದ ನನಗೂ ರತ್ನಮ್ಮನಿಗೂ ಮೊದಲು ಕೇಳಿಸಿದ್ದು ಅದರ ಅಳು. ಬಾಗಿಲು, ಕಾರಿಡಾರು ದಾಟಿ ಬಂದ ಜೋರಾದ ಅಳು. ರತ್ನಮ್ಮ “ಅಬ್ಬಾ, ಏನ್ ಗಂಟಲಪ್ಪ ಇದು” ಎಂದು ನಕ್ಕರು. ನಾನು ಅವರ ಭುಜಕ್ಕೆ ಒರಗಿ ಬಿಕ್ಕಿ ಬಿಕ್ಕಿ ಅತ್ತೆ.

ಬಾಣಂತನ ಲಗ್ಗೆರೆಯಲ್ಲಿ ನಡೆಯಿತು. ಎಳ್ಳೆಣ್ಣೆ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಇವುಗಳಲ್ಲೇ ರತ್ನಮ್ಮ ಎಲ್ಲವನ್ನೂ ಹೊಂದಿಸಿದರು. ಮಗು ಆರು ತಿಂಗಳು ದಾಟಿದ ಮೇಲೆ ಅನುಷಾ ನಮ್ಮ ಮನೆಗೆ ಮರಳಿ, ಮತ್ತೆ ಕೆಲಸಕ್ಕೆ ಹೊರಟಳು. ಡಾಕ್ಟರು ಮಗುವಿಗೆ ರಾಗಿಸರಿ, ಬೇಳೆಕಟ್ಟು ಶುರು ಮಾಡಲು ಹೇಳಿದ್ದರು. ಅವರು ಬರೆದುಕೊಟ್ಟ ಹನಿಮದ್ದು ಬೇರೆ. ಅನುಷಾ ತನ್ನ ಎದೆಹಾಲನ್ನು ತೆಗೆದು ಫ್ರಿಜ್ಜಿನಲ್ಲಿಟ್ಟಿದ್ದಳು. ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟನ್ನು ನಾನು ಬಟ್ಟೆಯಲ್ಲಿ ಸೋಸಿ ಇಟ್ಟಿದ್ದೆ.

ಮೊದಲ ದಿನ. ಮಧು ಸ್ಕೂಟರ್ ತೆಗೆದು ನಿಂತಿದ್ದ. ನಮ್ಮ ಮನೆಯವರು ಬ್ಯಾಂಕಿನ ಕೆಲಸಕ್ಕೆ ಹೋಗಿದ್ದರು. ಕಪ್ಪು ಕೋಟು ತೋಳಿಗೆ ಹಾಕಿಕೊಂಡು ಅನುಷಾ ಮಗುವಿಗೆ ಮುತ್ತು ಕೊಟ್ಟಳು, ನನ್ನ ತೋಳಿಗೆ ದಾಟಿಸಿದಳು. ನಾನು ಕಾಯುತ್ತಿದ್ದೆ. ಏನು ಕೊಡಬೇಕು, ಏನು ಕೊಡಬಾರದು, ಯಾವುದಕ್ಕೆ ಏನು ಹಾಕಬಾರದು ಎಂದು ಅವಳು ಹೇಳುತ್ತಾಳೆ, ಹೇಳಲೇಬೇಕು. ನಾನು ಅವಳ ಜಾಗದಲ್ಲಿದ್ದರೆ ಗೋಡೆಗೆ ಬರೆದು ಅಂಟಿಸಿ ಹೋಗುತ್ತಿದ್ದೆ.

ಗೇಟಿನವರೆಗೆ ಹೋದವಳು ನಿಂತಳು, ತಿರುಗಿದಳು. ಈಗ ಬಂತು ಎಂದುಕೊಂಡೆ.

“ಅತ್ತೆ, ಇವಳ ಗಲಾಟೇಲಿ ನೀವು ಊಟ ಮಾಡೋದು ಮರೀಬೇಡಿ” ಎಂದಳು. ಸ್ಕೂಟರ್ ಹತ್ತಿ ಹೋದಳು.

ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಡುಗೆಮನೆಗೆ ಹೋದೆ. ರಾಗಿಸರಿ ಗಂಟಾಗದ ಹಾಗೆ ತಿರುವಿದೆ, ಆರಿಸಿದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸಣ್ಣ ಚಮಚದಲ್ಲಿ ತೆಗೆದು ತುಟಿಯ ಹತ್ತಿರ ಹಿಡಿದೆ. ಮಗು ಒಮ್ಮೆ ನನ್ನ ಮುಖ ನೋಡಿತು. ಚಮಚವನ್ನು ನೋಡಲೇ ಇಲ್ಲ. ಬಾಯಿ ತೆರೆಯಿತು.